ಸಹಿ ಹಾಕುವ ಮೊದಲು: ಬ್ರಿಟನ್ನಿನ ಸೈಟಿನಲ್ಲಿ ಮೊದಲ ದಿನ

ಬ್ರಿಟನ್ನಿನ ಕಟ್ಟಡದ ಸೈಟಿನಲ್ಲಿ ಮೊದಲ ದಿನ ಹಾರೆ ಗುದ್ದಲಿಗಿಂತ ಮುಂಚೆ ಕೈಗೆ ಬರುವುದು ಕಾಗದದ ಕಟ್ಟು. ನನಗೆ ಕೊಟ್ಟದ್ದು ಇಪ್ಪತ್ತು ಪುಟ. ಹಿಂದೆ ಜನ ಸಾಲು ನಿಂತಿದ್ದರು, ಕೊನೇ ಪುಟ ತೋರಿಸಿದರು, ಸಹಿ ಹಾಕಿಬಿಟ್ಟೆ. ಟೀ ಹೊತ್ತಿಗೆ ಬಿಡಿಸಿ ಓದಿದರೆ ಅದು ಬೇರೆಲ್ಲೋ ನಡೆದ ಚಾವಣಿ ಕೆಲಸದ್ದು. ನಾವು ಹೊರಟಿದ್ದದ್ದು ಪೈಪಿಗಾಗಿ ನೆಲ ಅಗೆಯುವುದಕ್ಕೆ.

ಆ ಕಟ್ಟಿಗೆ ಇಲ್ಲಿ ಎಲ್ಲರೂ 'ರ್ಯಾಮ್ಸ್' ಅನ್ನುತ್ತಾರೆ. ಅದರಲ್ಲಿ ಎರಡು ಭಾಗ. ಏನು ಅಪಾಯ, ಯಾರಿಗೆ, ಹೇಗೆ ತಡೆಯುತ್ತೇವೆ ಅನ್ನುವುದು ರಿಸ್ಕ್ ಅಸೆಸ್‌ಮೆಂಟ್. ಐದು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಅದರ ಮುಖ್ಯಾಂಶಗಳನ್ನು ಬರೆದಿಡಲೇಬೇಕು. ಕೆಲಸ ಯಾವ ಕ್ರಮದಲ್ಲಿ, ಯಾವ ಯಂತ್ರದಿಂದ ನಡೆಯುತ್ತದೆ ಅನ್ನುವುದು ಮೆಥಡ್ ಸ್ಟೇಟ್‌ಮೆಂಟ್. ಇದನ್ನು ಎಲ್ಲ ಕೆಲಸಕ್ಕೂ ಕಾನೂನು ಕೇಳುವುದಿಲ್ಲ, ಮುಖ್ಯ ಗುತ್ತಿಗೆದಾರರು ಕೇಳುತ್ತಾರೆ. ಆದರೆ ಕಟ್ಟಡ ಕೆಡವುವುದಾದರೆ ಹೇಗೆ ಕೆಡವುತ್ತೇವೆಂದು ಮೊದಲೇ ಬರೆದಿಡುವುದು ಕಡ್ಡಾಯ.

ಇದೆಲ್ಲದರ ಬುಡದಲ್ಲಿರುವುದು 1974ರ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ. ಕಟ್ಟಡ ಕೆಲಸಕ್ಕೆಂದೇ ಇರುವುದು 2015ರ ಸಿಡಿಎಂ, ಅಂದರೆ ಕಟ್ಟಡ ಕೆಲಸದ ವಿನ್ಯಾಸ ಮತ್ತು ನಿರ್ವಹಣೆಯ ನಿಯಮಗಳು (ಉತ್ತರ ಐರ್ಲೆಂಡಿನದು ಬೇರೆ). ಇವುಗಳ ಪ್ರಕಾರ ಕೆಲಸ ಚಿಕ್ಕದಿರಲಿ ದೊಡ್ಡದಿರಲಿ, ಸೈಟ್ ಸಿದ್ಧಪಡಿಸುವ ಮೊದಲೇ 'ಕನ್‌ಸ್ಟ್ರಕ್ಷನ್ ಫೇಸ್ ಪ್ಲಾನ್', ಅಂದರೆ ಕೆಲಸ ನಡೆಯುವ ಹೊತ್ತಿನ ಸುರಕ್ಷತಾ ಯೋಜನೆ, ತಯಾರಿರಬೇಕು. ಒಬ್ಬರಿಗಿಂತ ಹೆಚ್ಚು ಗುತ್ತಿಗೆದಾರರಿದ್ದರೆ ವಿನ್ಯಾಸಕ್ಕೊಬ್ಬ, ಕೆಲಸಕ್ಕೊಬ್ಬ ಮುಖ್ಯ ಹೊಣೆಗಾರನನ್ನು ಕೆಲಸ ಮಾಡಿಸುವ ಮಾಲೀಕರು ಲಿಖಿತವಾಗಿ ನೇಮಿಸಬೇಕು. ಕೆಲಸ 30 ಕೆಲಸದ ದಿನ ಮೀರಿ ಯಾವುದಾದರೂ ಹೊತ್ತಿನಲ್ಲಿ 20ಕ್ಕಿಂತ ಹೆಚ್ಚು ಜನ ಒಟ್ಟಿಗೆ ದುಡಿಯುವುದಾದರೆ, ಅಥವಾ ಒಟ್ಟು 500 ಆಳು-ದಿನ ಮೀರುವುದಾದರೆ, ಸುರಕ್ಷತಾ ಇಲಾಖೆಯಾದ ಎಚ್‌ಎಸ್‌ಇಗೆ ಎಫ್10 ಎಂಬ ನಮೂನೆಯಲ್ಲಿ ಮೊದಲೇ ತಿಳಿಸಬೇಕು. ಮನೆ ಕೊಂಡು ಅಡುಗೆಮನೆ ದೊಡ್ಡದು ಮಾಡಿಸುವವರೂ ಇದನ್ನು ತಿಳಿದಿರಲಿ: ಸ್ವಂತ ಮನೆಯ ಕೆಲಸದಲ್ಲಿ ಮಾಲೀಕರ ಹೊಣೆ ಸಾಮಾನ್ಯವಾಗಿ ಗುತ್ತಿಗೆದಾರನ ಹೆಗಲಿಗೆ ಹೋಗುತ್ತದೆ. ಪ್ಲಾನ್ ಎಲ್ಲಿ ಎಂದು ಕೇಳುವುದಕ್ಕೇನೂ ಅಡ್ಡಿಯಿಲ್ಲ. 2000ಕ್ಕೆ ಮುಂಚಿನ ಮನೆಯಾದರೆ, ಗೋಡೆಗೆ ಸುತ್ತಿಗೆ ಬೀಳುವ ಮೊದಲು ಆಸ್ಬೆಸ್ಟಾಸ್ ಪರೀಕ್ಷೆ ಆಗಿದೆಯೇ ಎಂದೂ ಕೇಳಿ.

ನನ್ನ ಅಗೆತದ ಕೆಲಸಕ್ಕೇ ಬರುತ್ತೇನೆ. ಸರಿಯಾದ ರ್ಯಾಮ್ಸ್ ಆಗಿದ್ದರೆ ಅದರಲ್ಲಿ ಮೊದಲು ಕಾಣಬೇಕಿದ್ದದ್ದು ನೆಲದಡಿ ಏನಿದೆ ಅನ್ನುವುದು. ವಿದ್ಯುತ್, ಗ್ಯಾಸ್, ನೀರಿನ ಕಂಪನಿಗಳಿಂದ ತರಿಸಿದ ನಕ್ಷೆ. ಕೇಬಲ್ ಹುಡುಕುವ 'ಕ್ಯಾಟ್' ಯಂತ್ರದಿಂದ ನೆಲ ನೋಡಿದವರು ಹಾಕಿದ ಗುರುತು. ಸಂಶಯವಿದ್ದಲ್ಲಿ ಜೆಸಿಬಿಗಿಂತ ಮೊದಲು ಕೈಯಲ್ಲೇ ತೋಡುವ ಗುಂಡಿ. ಆಮೇಲೆ ಮಣ್ಣು ಕುಸಿಯದಂತೆ ಏನು ಆಸರೆ, ಅಗೆದ ಮಣ್ಣನ್ನು ಅಂಚಿನಿಂದ ಎಷ್ಟು ದೂರ ಹಾಕುತ್ತೀರಿ, ಒಳಗಿಳಿದವರು ಹೇಗೆ ಮೇಲೆ ಬರುತ್ತಾರೆ. 1.2 ಮೀಟರ್‌ವರೆಗೆ ಆಸರೆ ಬೇಡ ಎಂಬ ಮಾತು ಸೈಟುಗಳಲ್ಲಿ ಈಗಲೂ ಓಡಾಡುತ್ತದೆ. ನಂಬಬೇಡಿ, ಸದ್ಯದ ನಿಯಮದಲ್ಲಿ ಅಂಥ ಅಳತೆಯೇ ಇಲ್ಲ. ಒಂದು ಘನ ಮೀಟರ್ ಮಣ್ಣು ಒಂದು ಟನ್ನಿಗಿಂತ ಭಾರ. ಬಗ್ಗಿ ಕೆಲಸ ಮಾಡುವವನಿಗೆ ಜೀವ ಹೋಗಲು ಸೊಂಟದೆತ್ತರದ ಕುಳಿಯೇ ಸಾಕು. ಆಸರೆ ಬೇಕಾದ ಕುಳಿಯನ್ನು ಪ್ರತಿ ಪಾಳಿಯ ಆರಂಭದಲ್ಲಿ ತಿಳಿದವರು ಪರೀಕ್ಷಿಸಿರಬೇಕು.

ಎತ್ತರದ ಕೆಲಸಕ್ಕೆ 2005ರ ನಿಯಮ ಇದೆ. ಹತ್ತದೇ ಮುಗಿಸಲು ಬರುತ್ತದೆಯೇ ಎಂಬುದು ಮೊದಲ ಪ್ರಶ್ನೆ, ಬೀಳದಂತೆ ತಡೆಯುವುದು ಆಮೇಲೆ, ಬಿದ್ದರೂ ಪೆಟ್ಟು ಕಡಿಮೆ ಮಾಡುವುದು ಕೊನೆಗೆ. ಎರಡು ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕೆಳಕ್ಕೆ ಬೀಳಬಹುದಾದ ಅಟ್ಟಣಿಗೆಯನ್ನು ಬಳಸುವ ಮುಂಚೆ ಒಮ್ಮೆ, ಆಮೇಲೆ ಏಳು ದಿನಕ್ಕೊಮ್ಮೆ ಪರೀಕ್ಷಿಸಬೇಕು. ಹೆಲ್ಮೆಟ್, ಬೂಟು ಬರುವುದು ಪಟ್ಟಿಯ ಕೊನೆಗೆ. ಪುಟದ ತುಂಬ ಬರೀ ಹೆಲ್ಮೆಟ್ಟೇ ಇರುವ ಯೋಜನೆ ಯೋಜನೆಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೆಲ್ಮೆಟ್, ಬೂಟಿಗೆ ನಿಮ್ಮ ಸಂಬಳದಿಂದ ದುಡ್ಡು ಹಿಡಿಯುವಂತೆಯೂ ಇಲ್ಲ.

ಭಾಷೆ ಹಿಡಿಯದಿದ್ದರೆ ನಾಚಿಕೆ ಬೇಡ. ಅರ್ಥವಾಗುವಂತೆ ಹೇಳುವುದು ಕೆಲಸ ಕೊಟ್ಟವರ ಕರ್ತವ್ಯ; ಇಂಡಕ್ಷನ್‌ನಲ್ಲಿ (ಸೈಟಿಗೆ ಹೊಸಬರಿಗೆ ಕೊಡುವ ತಿಳಿವಳಿಕೆಯಲ್ಲಿ) ತಲೆಯಾಡಿಸಿ ಬರುವುದರಿಂದ ಅವರಿಗೆ ಅನುಕೂಲ, ನಿಮಗಲ್ಲ. ವೀಸಾ ಕಂಪನಿಯ ಕೈಯಲ್ಲಿದೆ, ಸುಮ್ಮನಿರೋಣ ಎನ್ನುವವರನ್ನು ಬಹಳ ನೋಡಿದ್ದೇನೆ. ಆ ಭಯ ಸುಳ್ಳಲ್ಲ. ಆದರೂ ಗಂಭೀರ ಅಪಾಯ ಎದುರಿಗೇ ಇದೆ ಎಂದು ಸಕಾರಣವಾಗಿ ನಂಬಿ ಜಾಗ ಬಿಟ್ಟು ಬಂದವರಿಗೆ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 44ನೇ ಕಲಮಿನ ರಕ್ಷಣೆ ಇದೆ. ಎಚ್‌ಎಸ್‌ಇಗೆ ದೂರು ಕೊಡುವಾಗ ನಿಮ್ಮ ಹೆಸರು ಕಂಪನಿಗೆ ತಿಳಿಯಬಾರದು ಎಂದೂ ಹೇಳಬಹುದು.

ನಾನು ಅಷ್ಟು ದೂರ ಹೋಗಬೇಕಾಗಲಿಲ್ಲ. ಕಾಗದ ಹಿಡಿದು ಸೂಪರ್‌ವೈಸರ್ ಬಳಿ ಹೋಗಿ "ಇದು ಚಾವಣಿಯದಲ್ಲವೇ?" ಎಂದೆ. ಅವರು ಎರಡು ಪುಟ ತಿರುವಿ, ಮುಖ ಸಣ್ಣಗೆ ಮಾಡಿಕೊಂಡು ಆಫೀಸಿಗೆ ಫೋನ್ ಮಾಡಿದರು. ಆ ದಿನ ಅಗೆತ ಶುರುವಾದದ್ದು ಮಧ್ಯಾಹ್ನ ಎರಡೂವರೆಗೆ, ಹೊಸ ಕಾಗದಕ್ಕೆ ಎಲ್ಲರೂ ಇನ್ನೊಮ್ಮೆ ಸಹಿ ಹಾಕಿದ ಮೇಲೆ.