‘ಕೀ’ಗೆ ಸ್ಪ್ಯಾನಿಶ್‌ನಲ್ಲಿ ಏನಂತಾರೆ? ಮೊದಲು ಯಾವ ಕೀ ಹೇಳಿ

ಅಣ್ಣನ ಮಗಳು ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಸಂಜೆ ಹೊತ್ತು ಮೊಬೈಲ್‌ನಲ್ಲಿ ಸ್ಪ್ಯಾನಿಶ್ ಕಲಿಯುತ್ತಾಳೆ. ಹೋದ ವಾರ ಆನ್‌ಲೈನ್ ಕ್ಲಾಸಿನಲ್ಲಿ ಕಂಪ್ಯೂಟರ್ ಬಗ್ಗೆ ನಾಲ್ಕು ಸಾಲು ಬರೆದು ಓದಿದಳಂತೆ. ಟೀಚರ್ ನಕ್ಕುಬಿಟ್ಟರಂತೆ. ‘ಎಂಟರ್ ಕೀ ಒತ್ತಿ’ ಅನ್ನುವ ಕಡೆ ಇವಳು ‘ಯಾವೆ’ ಎಂದು ಬರೆದಿದ್ದಳು. ಯಾವೆ ಅಂದರೆ ಬಾಗಿಲ ಬೀಗದ ಕೀ.

“ಡಿಕ್ಷನರಿಯಲ್ಲಿ ಮೊದಲು ಅದೇ ಇತ್ತು ಚಿಕ್ಕಪ್ಪಾ, ನಂದೇನು ತಪ್ಪು?” ಅಂತ ಮುಖ ಊದಿಸಿಕೊಂಡು ಬಂದಳು.

ತಪ್ಪು ಅವಳದ್ದಲ್ಲ. ಇಂಗ್ಲಿಷಿನ ‘ಕೀ’ ಒಂದೇ ಪದ ಹತ್ತು ಮನೆ ಕೆಲಸ ಮಾಡುತ್ತದೆ. ಸ್ಪ್ಯಾನಿಶ್‌ನವರು ಕೆಲಸ ನೋಡಿ ಹೆಸರಿಟ್ಟಿದ್ದಾರೆ. ಹಾಗಾಗಿ ಡಿಕ್ಷನರಿ ತೆಗೆಯುವ ಮೊದಲು ಒಂದು ಕೆಲಸ ಮಾಡಿ: ‘ಕೀ’ ಅನ್ನುವ ಪದ ಬಿಟ್ಟು, ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ. ಬೀಗದ ಕೈಯಾ? ಬೆರಳಲ್ಲಿ ಒತ್ತುವ ಗುಂಡಿಯಾ? ಪರೀಕ್ಷೆಯ ಸರಿ ಉತ್ತರವಾ? ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ತಿರುಗಿಸುವಂಥದ್ದಾದರೆ ‘ಯಾವೆ’

ಮಂಡಿಪೇಟೆ ಕಡೆ ಡೂಪ್ಲಿಕೇಟ್ ಕೀ ಮಾಡಿಸಲು ಹೋಗಿದ್ದೀರಾ? ಹಳೇ ಕೀಯನ್ನೂ ಹಲ್ಲಿಲ್ಲದ ಹೊಸ ಕೀಯನ್ನೂ ಜೋಡಿಸಿ ಹಿಡಿದು, ಅರದಲ್ಲಿ ಕರಕರ ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಎರಡು ಸಲ ಉಜ್ಜಿ ಕೊಡುತ್ತಾರೆ. ಆ ಕೈಯಲ್ಲಿರುವುದು ಯಾವೆ. ಗಾಡಿ ಕೀಯೂ ಯಾವೆಯೇ. ಕೀ ಬಂಚಿನ ರಿಂಗು ‘ಯಾವೇರೊ’.

ನಮ್ಮ ‘ಚಾವಿ’ ಇದಕ್ಕೆ ನೆಂಟ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಬಾಯಲ್ಲಿ ಕೀ ಅಂದರೆ ‘ಚಾವೆ’. ನಮ್ಮ ಚಾವಿ ಅಲ್ಲಿಂದ ಬಂದಿದ್ದು. ಈ ಚಾವೆ ಮತ್ತು ಸ್ಪ್ಯಾನಿಶ್‌ನ ಯಾವೆ ಎರಡೂ ಲ್ಯಾಟಿನ್‌ನ ‘ಕ್ಲಾವಿಸ್’ನ ಮಕ್ಕಳು. ಪದದ ಮೊದಲಿದ್ದ ‘ಕ್ಲ’ ಒಂದು ಕಡೆ ‘ಚ’ ಆಯಿತು, ಇನ್ನೊಂದು ಕಡೆ ‘ಯ’ ಆಯಿತು. ಹಳಗನ್ನಡದ ಪಾಲು ಈಗ ಹಾಲು ಆಗಿಲ್ಲವೇ, ಹಾಗೆ. ಬ್ಯೂನಸ್ ಐರಿಸ್‌ನವರಂತೂ ಇದನ್ನೇ ‘ಶಾವೆ’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಶಾವಿಗೆ ನೆನಪಾಗಿತ್ತು.

ಯಾವೆ ಬೀಗಕ್ಕೇ ನಿಲ್ಲುವುದಿಲ್ಲ. ಗ್ಯಾರೇಜಿನ ಪಾನಾ ಕೂಡ ಯಾವೆ. ಬಾಯಿ ಹಿಗ್ಗಿಸಿ ಕುಗ್ಗಿಸುವ ಪಾನಾಕ್ಕೆ ‘ಯಾವೆ ಇಂಗ್ಲೇಸಾ’, ಅಂದರೆ ಇಂಗ್ಲಿಷ್ ಕೀ ಅಂತಲೇ ಹೆಸರು. ಮೆಕ್ಸಿಕೊದಲ್ಲಿ ನಲ್ಲಿಯೂ ಯಾವೆ, ಸ್ಪೇನ್‌ನಲ್ಲಿ ಮಾತ್ರ ನಲ್ಲಿಗೆ ‘ಗ್ರೀಫೊ’. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಬೇರೆ. ಕುಸ್ತಿಯ ಪಟ್ಟಿಗೂ ಅವರು ಯಾವೆ ಅನ್ನುತ್ತಾರೆ! ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣದಲ್ಲಿ ಪೈಲ್ವಾನ್ ಎದುರಾಳಿಯ ಕೈ ತಿರುಚಿ ಹಿಡಿದರೆ ಅದು ಬೀಗ ಹಾಕಿದಂತೆಯೇ ಅಲ್ವಾ?

ಬೆರಳಲ್ಲಿ ಒತ್ತುವಂಥದ್ದಾದರೆ ‘ತೆಕ್ಲಾ’

ಕಂಪ್ಯೂಟರ್ ಕೀ, ಪಿಯಾನೊ ಕೀ, ಹಾರ್ಮೋನಿಯಂ ಕೀ ಎಲ್ಲ ತೆಕ್ಲಾ. ಕೀಬೋರ್ಡ್ ‘ತೆಕ್ಲಾದೊ’. ಇಲ್ಲಿ ‘ತ’ ನಮ್ಮ ತಟ್ಟೆಯ ‘ತ’. ಇಂಗ್ಲಿಷ್ ರೂಢಿಯಲ್ಲಿ ‘ಟ’ ಮಾಡಬೇಡಿ. ಈ ವಿಷಯದಲ್ಲಿ ನಮ್ಮ ನಾಲಿಗೆಗೆ ಕಷ್ಟವೇ ಇಲ್ಲ.

ತಲೆಗೆ ಸಂಬಂಧಿಸಿದ್ದಾದರೆ ‘ಕ್ಲಾವೆ’

ಸಿಇಟಿ ಮುಗಿದ ಮಾರನೇ ದಿನದಿಂದ ಮನೆಮನೆಯಲ್ಲಿ “ಕೀ ಆನ್ಸರ್ ಬಂತಾ?” ಅಂತ ಕೇಳುತ್ತಾರಲ್ಲ, ಆ ಕೀ ಕ್ಲಾವೆ. ವೈಫೈ ಪಾಸ್‌ವರ್ಡ್‌ಗೂ ಕ್ಲಾವೆ ಅಂದರೆ ನಡೆಯುತ್ತದೆ. ಗುಟ್ಟಿನ ಎಳೆ, ಮುಖ್ಯ ಸುಳಿವು ಎಲ್ಲ ಇದೇ. ಚಿತ್ರದುರ್ಗದ ಕೋಟೆಗೆ ಏಳು ಸುತ್ತು ಗೋಡೆ ಇದ್ದರೂ ಹೈದರಾಲಿಯ ಸೈನಿಕರು ಹುಡುಕಿದ್ದು ಒಬ್ಬರು ನುಸುಳುವಷ್ಟು ಜಾಗದ ಒಂದು ಕಿಂಡಿ. ಕೋಟೆಗೆ ಆ ಕಿಂಡಿಯೇ ಕೀ ಎಂದು ಸ್ಪ್ಯಾನಿಶ್‌ನಲ್ಲಿ ಹೇಳಬೇಕಾದರೆ ಕ್ಲಾವೆ ಹಾಕಿ. ಒನಕೆಗೆ ಏನನ್ನಬೇಕು ಅಂತ ಮಗಳು ಕೇಳಿದಳು. ಅದು ಇನ್ನೊಂದು ದಿನ.

ಕ್ಲಾವೆಯೂ ಅದೇ ಕ್ಲಾವಿಸ್‌ನಿಂದ ಬಂದಿದ್ದು. ಯಾವೆ ಜನರ ಬಾಯಲ್ಲಿ ಸವೆದು ಸವೆದು ಬಂತು, ಕ್ಲಾವೆಯನ್ನು ವಿದ್ಯಾವಂತರು ಆಮೇಲೆ ಲ್ಯಾಟಿನ್‌ನಿಂದ ನೇರ ಎತ್ತಿಕೊಂಡರು. ನಮ್ಮಲ್ಲಿ ‘ಕಜ್ಜ’ವೂ ಇದೆ, ‘ಕಾರ್ಯ’ವೂ ಇದೆಯಲ್ಲ.

ಸಂಗೀತದವರು ಸ್ವಲ್ಪ ಹುಷಾರು. ಹಾಡು ಯಾವ ‘ಕೀ’ಯಲ್ಲಿದೆ ಅಂದರೆ ಅಲ್ಲಿ ‘ತೊನಾಲಿದಾದ್’ ಬೇಕು. ಕ್ಲಾವೆ ಅಂದರೆ ಪಾಶ್ಚಾತ್ಯ ಸ್ವರಲಿಪಿಯ ಸಾಲಿನ ಮೊದಲಿಗೆ ಸುರುಳಿಯಾಗಿ ಬರೆಯುವ ಆ ಗುರುತು. ಕ್ಯೂಬಾದಲ್ಲಿ ‘ಕ್ಲಾವೆಸ್’ ಕೇಳಿದರೆ ಕೋಲಾಟದ ಕೋಲಿನಂಥ ಎರಡು ಗಟ್ಟಿಮರದ ತುಂಡು ತಂದುಕೊಟ್ಟಾರು. ಅದು ಅವರ ತಾಳವಾದ್ಯ.

ಕನ್ನಡದವರೇ ಬೀಳುವ ಗುಂಡಿ

ನಾವು ಗೋಡೆ ಗಡಿಯಾರಕ್ಕೆ, ಆಟಿಕೆ ಕಾರಿಗೆ ‘ಕೀ ಕೊಡುತ್ತೇವೆ’. ಇದನ್ನು ಹಾಗೇ ಸ್ಪ್ಯಾನಿಶ್‌ಗೆ ಇಳಿಸಿದರೆ ಮಗುವಿನ ಕೈಗೆ ಬೀಗದ ಕೈ ಕೊಟ್ಟ ಹಾಗಾಗುತ್ತದೆ. ಅವರ ಮಾತು ‘ದಾರ್ ಕ್ವೆರ್ದಾ’. ಪದ ಬಿಡಿಸಿದರೆ ‘ಹಗ್ಗ ಕೊಡು’!

ಹಾಂ, ಅಮೆರಿಕದ ಫ್ಲೋರಿಡಾದಲ್ಲಿ ಕೀ ವೆಸ್ಟ್ ಅಂತ ಊರಿದೆ. ಆ ಹೆಸರಿನ ಮೂಲದಲ್ಲಿ ಬೀಗದ ಕೀಯೂ ಇಲ್ಲ, ಪಶ್ಚಿಮವೂ ಇಲ್ಲ. ಸ್ಪ್ಯಾನಿಶ್ ಹೆಸರು ‘ಕಾಯೊ ವೆಸೊ’, ಮೂಳೆಯ ದ್ವೀಪ. ಇಂಗ್ಲಿಷರ ಬಾಯಲ್ಲಿ ಕಾಯೊ ಕೀ ಆಯಿತು, ವೆಸೊ ವೆಸ್ಟ್ ಆಯಿತು.

ಯಾವೆ, ತೆಕ್ಲಾ, ಕ್ಲಾವೆ ಮೂರೂ ಸ್ತ್ರೀಲಿಂಗ. ಕಣ್ಣು ಮುಚ್ಚಿ ಪದದ ಮೊದಲು ‘ಲಾ’ ಹಾಕಿ, ಇಂಗ್ಲಿಷಿನ ‘ದ’ ಹಾಕಿದ ಹಾಗೆ.

ಮೊನ್ನೆ ಇಬ್ಬರೂ ಹೊರಗೆ ಹೋಗಿ ಬಂದು ಬಾಗಿಲ ಮುಂದೆ ನಿಂತಿದ್ದೆವು. ನನ್ನ ಜೇಬು ಖಾಲಿ. ಪರೀಕ್ಷೆ ಮಾಡೋಣ ಅಂತ “ಯಾವೆ ಎಲ್ಲಮ್ಮಾ?” ಅಂದೆ. ಅವಳು ಬ್ಯಾಗಿಗೆ ಕೈ ಹಾಕಿ ತಡಕಾಡುತ್ತಾ ಕೇಳಿದಳು:

“ಯಾವ ಯಾವೆ ಚಿಕ್ಕಪ್ಪಾ? ಗಾಡೀದಾ, ಮನೇದಾ?”