ಚಿಪ್ಪಿನ ಒಳಭಾಗ ನೋಡದೆ ಹರಡುವಿಕೆಯ ನಕ್ಷೆ ಬರೆಯುವುದಿಲ್ಲ

ಬ್ರಾಕಿಯೊಪಾಡ್ (ಎರಡು ಚಿಪ್ಪಿನ ಕಡಲಜೀವಿ) ಪಳೆಯುಳಿಕೆಗಳಿಗೆ ಹೊರರೂಪ ನೋಡಿ ಹೆಸರಿಡುವುದನ್ನು ನಾನು ಬಿಟ್ಟಿದ್ದೇನೆ. ಅವುಗಳದೇ ಒಂದು ಗುಂಪಾದ ನುಣುಪು ಚಿಪ್ಪಿನ ಟೆರೆಬ್ರಾಟುಲಿಡ್‌ಗಳಲ್ಲಂತೂ ಬೇರೆ ಬೇರೆ ವಂಶಗಳು ಒಂದೇ ಆಕಾರಕ್ಕೆ ಮತ್ತೆ ಮತ್ತೆ ಬಂದಿವೆ. ಆಹಾರ ಸೋಸುವ ಅಂಗಕ್ಕೆ ಆಧಾರವಾದ ಒಳಗಿನ ಸುಣ್ಣದ ಕುಣಿಕೆ ಒಂದರಲ್ಲಿ ಗಿಡ್ಡ, ಇನ್ನೊಂದರಲ್ಲಿ ಉದ್ದ. ಹೊರಗಿನಿಂದ ವ್ಯತ್ಯಾಸವೇ ತಿಳಿಯದು. ಇಂಥವನ್ನು ಒಂದೇ ಹೆಸರಿನಡಿ ಸೇರಿಸಿದರೆ ನಡೆದೇ ಇರದ ವಲಸೆ ನಕ್ಷೆಯ ಮೇಲೆ ಮೂಡುತ್ತದೆ.

ಹಾಗಾಗಿ ಚಿಪ್ಪನ್ನು ಪದರಪದರವಾಗಿ ಸವೆಸಿಯೇ ಒಳಗನ್ನು ನೋಡುತ್ತೇನೆ. ಸವೆಸಿದ ಮೇಲೆ ಮಾದರಿ ಉಳಿಯುವುದಿಲ್ಲ. ಆದ್ದರಿಂದ ಮೊದಲು ಅಮೋನಿಯಂ ಕ್ಲೋರೈಡಿನ ತೆಳು ಲೇಪ ಕೊಟ್ಟು ಎಲ್ಲ ಮಗ್ಗುಲಿನ ಫೋಟೊ, ಅಳತೆ, ಸಿಲಿಕೋನ್ ಅಚ್ಚು. ಆಮೇಲೆ ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಕೊಕ್ಕಿನ (ಚಿಪ್ಪಿನ ಚೂಪಾದ ಹಿಂಭಾಗದ) ತುದಿಯಿಂದ ಮುಂದಕ್ಕೆ ಅಡ್ಡಡ್ಡವಾಗಿ ಸವೆಸುತ್ತೇನೆ. ಕೊಕ್ಕಿನ ಬಳಿ 0.1 ಮಿ.ಮೀ. ಅಂತರದಲ್ಲಿ ಛೇದ ಬೇಕೇ ಬೇಕು, ಎರಡು ಚಿಪ್ಪುಗಳನ್ನು ಕೀಲಿನಂತೆ ಜೋಡಿಸುವ ಹಲ್ಲುಗಳನ್ನು ದಾಟಿದ ಮೇಲೆ 0.2ರಿಂದ 0.3 ಸಾಕು. ಎಡಬಲದ ಹಲ್ಲುಗಳು ಒಂದೇ ಛೇದದಲ್ಲಿ ಕಾಣಿಸದಿದ್ದರೆ ಮಾದರಿ ವಾರೆಯಾಗಿ ಕೂತಿದೆ ಎಂದೇ ಅರ್ಥ.

ಪ್ರತಿ ಛೇದವನ್ನೂ 600ರ, ನಂತರ ಇನ್ನೂ ನಯವಾದ 1000ರ ಕಾರ್ಬೊರಂಡಮ್ (ಉಜ್ಜುವ) ಪುಡಿಯಲ್ಲಿ ನಯಗೊಳಿಸಿ, ಶೇ. 5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5ರಿಂದ 10 ಸೆಕೆಂಡ್ ಅದ್ದಿ ತೊಳೆಯುತ್ತೇನೆ. ಆ ಮುಖವನ್ನು ಬೆರಳಿನಿಂದ ಮುಟ್ಟಬಾರದು, ಸೂಕ್ಷ್ಮ ಉಬ್ಬುತಗ್ಗು ಅಳಿಸಿಹೋಗುತ್ತದೆ. ಒಣಗಿದ ಮೇಲೆ ಧಾರಾಳವಾಗಿ ಅಸಿಟೋನ್ ಸುರಿದು, ಅಸಿಟೇಟ್ ಹಾಳೆಯನ್ನು ಬಾಗಿಸಿ ಒಂದು ಅಂಚಿನಿಂದ ಮೆಲ್ಲಗೆ ಇಳಿಸಬೇಕು. ಒಮ್ಮೆಲೇ ಹಾಕಿದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಕುಣಿಕೆಯ ಜಾಗದಲ್ಲೇ ರಂಧ್ರ ಬೀಳುತ್ತದೆ. ಸುಮಾರು 20 ನಿಮಿಷದ ನಂತರ, ಛೇದದ ಅಚ್ಚು ಮೂಡಿದ ಹಾಳೆ ಸುಲಿಯಬಹುದು. ಅಸಿಟೋನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಹತ್ತಿರ ಬೆಂಕಿ ಇರಕೂಡದು.

ಬ್ರಾಕಿಯೊಪಾಡ್‌ಗಳ ಇನ್ನೊಂದು ಗುಂಪಾದ ಲಿಂಗುಲಿಡ್‌ಗಳ ದಾರಿ ಬೇರೆ. ಅವುಗಳದು ಫಾಸ್ಫೇಟ್ ಚಿಪ್ಪು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಚಿಪ್ಪೂ ಕರಗುತ್ತದೆ. ಸುತ್ತಲಿನ ಸುಣ್ಣಕಲ್ಲನ್ನು ಶೇ. 10ರ ಅಸಿಟಿಕ್ ಆಮ್ಲದಲ್ಲಿ ನಿಧಾನವಾಗಿ ಕರಗಿಸಿ ಬಿಡಿಸಿಕೊಳ್ಳುತ್ತೇನೆ.

ಹೆಸರು ಗಟ್ಟಿಯಾದ ಮೇಲಷ್ಟೇ ನಕ್ಷೆ. ಸ್ಥಳಗಳನ್ನು ಇಂದಿನ ಭೂಪಟದ ಮೇಲಲ್ಲ, ಆಯಾ ಕಾಲದ ಖಂಡಗಳ ಜೋಡಣೆಯ ಮೇಲೆ ಗುರುತಿಸುತ್ತೇನೆ. ಎರಡು ಪ್ರದೇಶಗಳ ಕುಲಗಳನ್ನು ಹೋಲಿಸಲು, ಸಂಗ್ರಹದ ಗಾತ್ರ ಬಹಳ ಬೇರೆಯಾಗಿದ್ದರೆ ಜಕಾರ್ಡ್ ಸೂಚ್ಯಂಕಕ್ಕಿಂತ (ಸಮಾನ ಕುಲಗಳನ್ನು ಎರಡೂ ಪಟ್ಟಿಗಳ ಒಟ್ಟು ಕುಲಗಳಿಂದ ಭಾಗಿಸುವುದು) ಸಿಂಪ್ಸನ್ ಸೂಚ್ಯಂಕವೇ (ಚಿಕ್ಕ ಪಟ್ಟಿಯಿಂದಷ್ಟೇ ಭಾಗಿಸುವುದು) ನನಗೆ ಹೆಚ್ಚು ನಂಬಿಕೆಯದು. ಚಿಕ್ಕ ಪಟ್ಟಿಯ ಕೊರತೆಯನ್ನು ಅದು ವ್ಯತ್ಯಾಸವೆಂದು ಎಣಿಸುವುದಿಲ್ಲ. ವ್ಯಾಪಕ ಹರಡುವಿಕೆ ಕಂಡೊಡನೆ ವಾಯುಗುಣವನ್ನೂ ಪರೀಕ್ಷಿಸಬೇಕು. ಸುಮಾರು 44.5 ಕೋಟಿ ವರ್ಷಗಳ ಹಿಂದಿನ ಹಿರ್ನಾಂಟಿಯಾ ಜೀವಿಸಮೂಹ (ಹಿರ್ನಾಂಟಿಯಾ ಎಂಬ ಬ್ರಾಕಿಯೊಪಾಡ್ ಕುಲದ ಹೆಸರಿನ ಗುಂಪು) ವೇಲ್ಸ್, ಬೊಹೀಮಿಯಾ, ದಕ್ಷಿಣ ಚೀನಾದಲ್ಲೆಲ್ಲ ಸಿಗುವುದಕ್ಕೆ ಅಂದಿನ ಹಿಮಯುಗದ ತಂಪು ನೀರೂ ಕಾರಣ. ಇನ್ನು, ಲಿಂಗುಲಿಡ್ ಮರಿಗಳು ತೇಲುತ್ತ ತಿನ್ನುತ್ತ ವಾರಗಟ್ಟಲೆ ಬದುಕಬಲ್ಲವು. ಸುಣ್ಣದ ಚಿಪ್ಪಿನ ರಿಂಕೊನೆಲ್ಲಿಡ್, ಟೆರೆಬ್ರಾಟುಲಿಡ್ ಮರಿಗಳು ತಿನ್ನುವುದಿಲ್ಲ, ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ನೆಲೆಯೂರುತ್ತವೆ. ಸಾಗರ ಯಾರಿಗೆ ಅಡ್ಡಿ ಎಂಬುದು ಇದರ ಮೇಲೆ ನಿಂತಿರುವುದರಿಂದ ತಿನ್ನುವ ಮರಿಗಳ ಮತ್ತು ತಿನ್ನದ ಮರಿಗಳ ಗುಂಪುಗಳ ಲೆಕ್ಕವನ್ನು ಬೇರೆಬೇರೆಯಾಗಿಯೇ ಇಡುತ್ತೇನೆ.