9ನೇ ಸಂಖ್ಯೆಯ ಅಂಗಿಯಲ್ಲಿ 13 ಋತುಗಳು

ಮಂಡ್ಯದಲ್ಲಿ ಕಬಡ್ಡಿ ಆಡಿ ಬೆಳೆದ ನಾನು ಓದಿಗೆಂದು ಮೆಲ್ಬರ್ನ್‌ಗೆ ಬಂದು, 2009ರಲ್ಲಿ ಬಡಾವಣೆಯ ಒಂದು ಕ್ಲಬ್ಬಿನಲ್ಲಿ ರಗ್ಬಿಯ ಒಂದು ಬಗೆಯಾದ ರಗ್ಬಿ ಲೀಗ್ ಆಡಲು ಸೇರಿದಾಗ ನನಗೆ ಸಿಕ್ಕಿದ್ದು 9ನೇ ಸಂಖ್ಯೆಯ ಅಂಗಿ, ಅಂದರೆ ಹೂಕರ್ ಸ್ಥಾನ. ಇದೇ ಊರಿನ ಮೆಲ್ಬರ್ನ್ ಸ್ಟಾರ್ಮ್ ತಂಡದ ಹೂಕರ್ ಕ್ಯಾಮರಾನ್ ಸ್ಮಿತ್ 2002ರಿಂದ 2020ರವರೆಗೆ ಈ ಆಟದ ಪ್ರಮುಖ ವೃತ್ತಿಪರ ಸ್ಪರ್ಧೆಯಾದ ಎನ್‌ಆರ್‌ಎಲ್‌ನಲ್ಲಿ 430 ಪಂದ್ಯಗಳನ್ನು ಆಡಿದರು. ಅವರು ದೈತ್ಯದೇಹಿಯೂ ಅಲ್ಲ, ಮಿಂಚಿನ ಓಟಗಾರರೂ ಅಲ್ಲ. ಹಾಗಿದ್ದೂ ಅಷ್ಟು ವರ್ಷ ಹೇಗೆ ಬಾಳಿದರು ಎಂಬುದನ್ನು ಗಮನಿಸುತ್ತಲೇ ನಾನು ಆಟ ಕಲಿತೆ.

ಈ ಆಟದಲ್ಲಿ ಚೆಂಡು ಹಿಡಿದವರು ಆರು ಸಲ ಎದುರಾಳಿಗಳ ಹಿಡಿತಕ್ಕೆ ಸಿಗುವವರೆಗೆ ಚೆಂಡು ಒಂದು ತಂಡದ ಬಳಿ ಉಳಿಯುತ್ತದೆ. ಸಿಕ್ಕಿಬಿದ್ದವನು ಎದ್ದು ಕಾಲಿನಿಂದ ಹಿಂದಕ್ಕೆ ಉರುಳಿಸುವ ಚೆಂಡನ್ನು ಸಾಮಾನ್ಯವಾಗಿ ಹೂಕರ್ ನೆಲದಿಂದಲೇ ಸಾಗಿಸಬೇಕು. ನಾನು ಅದನ್ನು ಎದೆಯವರೆಗೆ ಎತ್ತಿಕೊಂಡು ಎಸೆಯುತ್ತಿದ್ದೆ. ಅಷ್ಟರಲ್ಲಿ ಎದುರಾಳಿಗಳ ಸಾಲು ನಮ್ಮವರ ಮೇಲೆ ಬಿದ್ದಿರುತ್ತಿತ್ತು. ಸ್ಮಿತ್ ಬಾಗಿದ ಮೈಯನ್ನು ನೆಟ್ಟಗಾಗಿಸದೆ ಒಂದೇ ಬೀಸಿನಲ್ಲಿ ದಾಟಿಸುತ್ತಿದ್ದರು. ಹಿಂಗಾಲನ್ನು ಚೆಂಡಿನ ಪಕ್ಕದಲ್ಲೂರಿ, ಮುಂಗಾಲನ್ನು ಎಸೆಯುವ ದಿಕ್ಕಿಗೆ ತಿರುಗಿಸಿ, ಪ್ರತಿ ಅಭ್ಯಾಸದ ದಿನ ಎಡಕ್ಕೆ 50, ಬಲಕ್ಕೆ 50 ಎಸೆತ ಮಾಡಿದ ಮೇಲೆ, ಎರಡನೆಯ ಋತುವಿನ ಹೊತ್ತಿಗೆ ಅದು ನನ್ನ ಕೈಗೆ ಹತ್ತಿತು.

ಎದುರಾಳಿಯನ್ನು ಹಿಡಿಯುವುದನ್ನು ಮಾತ್ರ ನೋವುಂಡೇ ಕಲಿತೆ. ಕಬಡ್ಡಿಯ ರೂಢಿಯಂತೆ ದೂರದಿಂದಲೇ ಕಾಲಿಗೆ ಹಾರುತ್ತಿದ್ದ ನನಗೆ ನಾಲ್ಕನೆಯ ಋತುವಿನಲ್ಲಿ ಎದುರಾಳಿಯ ಮೊಣಕಾಲು ಬಡಿದು ಕೊರಳೆಲುಬು ಮುರಿಯಿತು; ಆ ವರ್ಷದ ಉಳಿದ ಪಂದ್ಯಗಳೆಲ್ಲ ಕೈತಪ್ಪಿದವು. ಗುಣವಾಗಿ ಬಂದಮೇಲೆ ಹಾರುವುದನ್ನೇ ಬಿಟ್ಟೆ. ಸಣ್ಣ ಹೆಜ್ಜೆಗಳಲ್ಲಿ ಹತ್ತಿರ ಸರಿದು, ಪಾದವನ್ನು ಅವನ ಪಾದದ ಸಮೀಪ ಊರಿ, ತಲೆ ಅವನ ದಾರಿಗೆ ಅಡ್ಡ ಬಾರದಂತೆ ಕೆನ್ನೆಯನ್ನು ಸೊಂಟದ ಹಿಂಬದಿಗೆ ಒತ್ತಿ, ಭುಜದಿಂದ ತಡೆದು ಎರಡೂ ತೋಳುಗಳಿಂದ ಬಿಗಿಯುವುದು ನನ್ನ ಕ್ರಮವಾಯಿತು. ಬಲಕ್ಕಿಂತ ನಿಲುವಿಗೆ ಹೆಚ್ಚು ಬೆಲೆ ಕೊಟ್ಟಿದ್ದರಿಂದಲೇ ನಾನು ಮುಂದೆ ಒಂಬತ್ತು ಋತು ಆಡಿದೆನೆಂದು ದೃಢವಾಗಿ ನಂಬಿದ್ದೇನೆ.

2020ರಲ್ಲಿ ಕೊರೋನಾದಿಂದ ನಮ್ಮ ಆಟ ನಿಂತುಹೋಗಿತ್ತು. ಅಕ್ಟೋಬರ್ 25ರಂದು ಸಿಡ್ನಿಯಲ್ಲಿ ಸ್ಟಾರ್ಮ್ ತಂಡ ಪೆನ್ರಿತ್ ವಿರುದ್ಧ 26–20ರಿಂದ ಗೆದ್ದ ಎನ್‌ಆರ್‌ಎಲ್ ಫೈನಲ್ಲನ್ನು ಮನೆಯಲ್ಲೇ ಕುಳಿತು ನೋಡಿದೆ. ಸ್ಮಿತ್ ಅವರ ಕೊನೆಯ ಪಂದ್ಯ ಅದು. 37ರ ವಯಸ್ಸಿನಲ್ಲಿ, ನಾಯಕನಾಗಿ, ಒಂದು ಟ್ರೈ (ಎದುರಾಳಿಗಳ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಪಡೆಯುವ ಅಂಕ) ಕೂಡ ಗಳಿಸಿದರು. ಮರುವರ್ಷ ಮೈದಾನ ತೆರೆದಾಗ ನಾನು ಮತ್ತೆ ಹೆಸರು ಬರೆಸಿ, 2022ರ ಕೊನೆಯ ಪಂದ್ಯದವರೆಗೆ ಅದೇ 9ನೇ ಅಂಗಿ ತೊಟ್ಟು ಆಡಿದೆ.